ಹೆಚ್ಚು ಮತ ಪಡೆದವರು ಸೋಲುವುದು ಹೇಗೆ? ಅಪ್ಪನಿಗೆ ಏನು ಉತ್ತರ ಕೊಡಲಿ?

ಸಾಗರದವನು:
ನಾನು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನೆಲೆಸಿ ಹದಿನೆಂಟು ವರ್ಷಗಳಾದವು. ಪೌರತ್ವ ಸಿಕ್ಕ ಮೇಲೆ 2024ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ಅಧ್ಯಕ್ಷೀಯ ಚುನಾವಣೆಯಲ್ಲಿ ಮತ ಹಾಕಿದೆ. ಮತಪತ್ರ ಅಂಚೆಯಲ್ಲಿ ಮನೆಗೇ ಬಂದಿತ್ತು. ಅಧ್ಯಕ್ಷ ಸ್ಥಾನದಿಂದ ಹಿಡಿದು ಊರಿನ ಮಟ್ಟದ ಹುದ್ದೆಗಳವರೆಗೆ ಸಾಲುಸಾಲು ಹೆಸರುಗಳು, ಅವುಗಳ ಜೊತೆಗೆ ಮತದಾರರೇ ಹೌದು ಅಥವಾ ಬೇಡ ಎನ್ನಬೇಕಾದ ರಾಜ್ಯದ ಹತ್ತು ಪ್ರಸ್ತಾವಗಳು. ಊಟದ ಮೇಜಿನ ಮೇಲೆ ಹರಡಿಕೊಂಡು, ಒಂದೊಂದನ್ನೂ ಓದಿ, ಪೆನ್ನಿನಿಂದ ಗುರುತು ತುಂಬುವುದರಲ್ಲಿ ಎರಡು ಸಂಜೆಗಳು ಕಳೆದವು. ಲಕೋಟೆಯ ಹಿಂದೆ ಸಹಿ ಹಾಕುವಾಗ ಸ್ವಲ್ಪ ಹೆಮ್ಮೆಯೂ ಆಯಿತು.

ಆ ಹೆಮ್ಮೆಯನ್ನು ಇಳಿಸಿದವರು ಸಾಗರದಲ್ಲಿರುವ ನನ್ನ ಅಪ್ಪ. ಅವರು ನಿವೃತ್ತ ಪ್ರೌಢಶಾಲಾ ಶಿಕ್ಷಕರು, ಎಷ್ಟೋ ಚುನಾವಣೆಗಳಲ್ಲಿ ಮತಗಟ್ಟೆಯ ಕೆಲಸ ಮಾಡಿದವರು. ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡು, "ನಿನ್ನ ರಾಜ್ಯದಲ್ಲಿ ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತಿತ್ತಲ್ಲೋ, ಎರಡು ಸಂಜೆ ಕೂತು ನೀನು ತುಂಬಿದ್ದು ಯಾರ ಲೆಕ್ಕಕ್ಕೆ?" ಎಂದರು. ಫಿಲಡೆಲ್ಫಿಯಾದ ಹೊರವಲಯದಲ್ಲಿರುವ ನನ್ನ ತಂಗಿಯ ಮನೆಗೆ ಅಕ್ಟೋಬರ್ ತಿಂಗಳಿಡೀ ಎರಡೂ ಪಕ್ಷದವರು ಬಂದು ಬಾಗಿಲು ತಟ್ಟಿದರು, ಅಂಚೆ ಡಬ್ಬಿ ಕರಪತ್ರಗಳಿಂದ ತುಂಬಿ ಮುಚ್ಚಳ ಹಾಕಲಾಗುತ್ತಿರಲಿಲ್ಲ. ನನ್ನ ಮನೆಗೆ ಒಬ್ಬರೂ ಬರಲಿಲ್ಲ.

ನನ್ನ ಪ್ರಶ್ನೆ ಇಷ್ಟು. ಅಮೆರಿಕದಲ್ಲಿ ಅಧ್ಯಕ್ಷರನ್ನು ಆರಿಸುವುದು ನಮ್ಮ ಮತಗಳ ಒಟ್ಟು ಮೊತ್ತವಲ್ಲ, ಪ್ರತಿ ರಾಜ್ಯಕ್ಕೂ ಇಷ್ಟೆಂದು ಗೊತ್ತುಮಾಡಿದ ಎಲೆಕ್ಟರ್ ಎಂಬ ಪ್ರತಿನಿಧಿಗಳ ಮತ. 2000ದಲ್ಲಿ ಅಲ್ ಗೋರ್ ದೇಶದಾದ್ಯಂತ ಸುಮಾರು 5.4 ಲಕ್ಷ ಮತ ಹೆಚ್ಚು ಪಡೆದು ಸೋತರು, 2016ರಲ್ಲಿ ಹಿಲರಿ ಕ್ಲಿಂಟನ್ ಸುಮಾರು 28.7 ಲಕ್ಷ ಹೆಚ್ಚು ಪಡೆದು ಸೋತರು. 5.77 ಲಕ್ಷ ಜನರಿರುವ ವಯೋಮಿಂಗ್‌ಗೆ ಮೂರು ಎಲೆಕ್ಟೋರಲ್ ಮತಗಳು, 3.95 ಕೋಟಿ ಜನರಿರುವ ನಮ್ಮ ರಾಜ್ಯಕ್ಕೆ 54. ಇದನ್ನು ಪ್ರಜಾಪ್ರಭುತ್ವ ಎಂದು ಅಪ್ಪನಿಗೆ ಯಾವ ಬಾಯಿಂದ ಹೇಳಲಿ?

ಹಳೆಯ ಸಂಪಿಗೆ:
ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಒಂದೇ ವಾಕ್ಯದಲ್ಲಿ ಕೆಲಸ ಮುಗಿಸಿದ್ದಾರೆ.

ಲೆಕ್ಕದ ಮೇಷ್ಟ್ರು:
ಲೆಕ್ಕ ಬಿಡಿಸಿ ನೋಡೋಣ. ವಯೋಮಿಂಗ್‌ನಲ್ಲಿ ಸುಮಾರು 1.92 ಲಕ್ಷ ಜನರಿಗೆ ಒಬ್ಬ ಎಲೆಕ್ಟರ್, ಕ್ಯಾಲಿಫೋರ್ನಿಯಾದಲ್ಲಿ ಸುಮಾರು 7.3 ಲಕ್ಷ ಜನರಿಗೆ ಒಬ್ಬ. ಅಂದರೆ ಅಲ್ಲಿನ ಒಬ್ಬ ನಿವಾಸಿಯ ತೂಕ ನಿಮ್ಮ ತೂಕದ ಸುಮಾರು 3.8 ಪಟ್ಟು. ಪ್ರತಿ ರಾಜ್ಯಕ್ಕೂ ಕೆಳಮನೆಯಾದ ಪ್ರತಿನಿಧಿಗಳ ಸಭೆಯಲ್ಲಿ ಅದಕ್ಕಿರುವ ಸದಸ್ಯರ ಸಂಖ್ಯೆಗೆ ಮೇಲ್ಮನೆಯಾದ ಸೆನೆಟ್‌ನ ಇಬ್ಬರು ಸದಸ್ಯರನ್ನು ಕೂಡಿಸಿ ಎಲೆಕ್ಟರ್‌ಗಳನ್ನು ಕೊಡುತ್ತಾರೆ. ಹಾಗಾಗಿ 435ಕ್ಕೆ 100 ಸೇರಿ, ರಾಜಧಾನಿ ವಾಷಿಂಗ್ಟನ್‌ನ ಮೂರು ಸೇರಿ 538. ಗೆಲ್ಲಲು 270 ಬೇಕು. ಆ ಎರಡರ ಕೊಸರೇ ಸಣ್ಣ ರಾಜ್ಯಗಳನ್ನು ದೊಡ್ಡದು ಮಾಡುವುದು.

ಪಿಟ್ಸ್‌ಬರ್ಗ್ ನಿವಾಸಿ:
ಮೇಷ್ಟ್ರೇ, ಎಲ್ಲರೂ ಈ ವಯೋಮಿಂಗ್ ಉದಾಹರಣೆಯನ್ನೇ ಹಿಡಿದುಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಸಾಗರದವರ ಮನೆ ಬಾಗಿಲಿಗೆ ಯಾರೂ ಬರದಿರುವುದಕ್ಕೆ ಆ ಕೊಸರು ಕಾರಣವಲ್ಲ. ವಯೋಮಿಂಗ್‌ನ ಮನೆಗಳಿಗೂ ಯಾರೂ ಹೋಗುವುದಿಲ್ಲ! ಪೆನ್ಸಿಲ್ವೇನಿಯಾದ ನಮ್ಮ ಬಾಗಿಲಿಗೆ ಬರುತ್ತಾರೆ, ಏಕೆಂದರೆ ಇಲ್ಲಿ ಒಂದೇ ಒಂದು ಮತದಿಂದ ಮುಂದಿದ್ದರೂ 19 ಎಲೆಕ್ಟರ್‌ಗಳೂ ಇಡಿಯಾಗಿ ಸಿಗುತ್ತಾರೆ. ರೋಗ ಇರುವುದು ಗೆದ್ದವರಿಗೇ ಎಲ್ಲವನ್ನೂ ಕೊಡುವ ಆ ಪದ್ಧತಿಯಲ್ಲಿ. 2020ರಲ್ಲಿ ಟ್ರಂಪ್ ಅವರಿಗೆ ಟೆಕ್ಸಾಸ್‌ಗಿಂತ ಹೆಚ್ಚು ಮತಗಳು ಬಂದದ್ದು ಕ್ಯಾಲಿಫೋರ್ನಿಯಾದಲ್ಲಿ, 60 ಲಕ್ಷ. ಅವುಗಳಿಂದ ಒಬ್ಬ ಎಲೆಕ್ಟರ್ ಕೂಡ ಅವರಿಗೆ ಸಿಗಲಿಲ್ಲ. ಆದ್ದರಿಂದ ಇದು ಒಂದೇ ಪಕ್ಷದ ಗೋಳು ಎಂದು ಭಾವಿಸಬೇಡಿ.

ಲೆಕ್ಕದ ಮೇಷ್ಟ್ರು:
ಒಪ್ಪುವ ಮೊದಲು ಇನ್ನೊಂದು ಲೆಕ್ಕ ಮಾಡಿದೆ. 2016ರಲ್ಲಿ ಟ್ರಂಪ್ ಗೆದ್ದದ್ದು 30 ರಾಜ್ಯಗಳನ್ನು, ಅವರ ಪಾಲಿಗೆ ಬಂದದ್ದು 306. ಪ್ರತಿ ರಾಜ್ಯದ ಕೊಸರು ಎರಡನ್ನು ಕಳೆದರೆ 246. ಕ್ಲಿಂಟನ್ ಅವರ 232ರಿಂದ 20 ರಾಜ್ಯ ಮತ್ತು ರಾಜಧಾನಿಯ 42 ಕಳೆದರೆ 190. ಕೊಸರಿಲ್ಲದಿದ್ದರೂ ಟ್ರಂಪ್ ಅವರೇ ಗೆಲ್ಲುತ್ತಿದ್ದರು. ಇಲ್ಲಿ ನಿಮ್ಮ ಮಾತೇ ಸರಿ.

ಆದರೆ 2000ಕ್ಕೆ ಬನ್ನಿ. ಬುಷ್ 30 ರಾಜ್ಯ, 271. ಕೊಸರು ಕಳೆದರೆ 211. ಗೋರ್ 20 ರಾಜ್ಯ ಮತ್ತು ರಾಜಧಾನಿ, 267. ಕೊಸರು ಕಳೆದರೆ 225. ಆಗ ಗೋರ್ ಅಧ್ಯಕ್ಷರಾಗುತ್ತಿದ್ದರು. ಎರಡು ಚುನಾವಣೆ, ಎರಡು ಬೇರೆ ಬೇರೆ ರೋಗ. ಇದನ್ನು ಮೊದಲೇ ಯಾರಾದರೂ ಹೀಗೆ ಬಿಡಿಸಿ ಹೇಳಿದ್ದರೆ ನಾನು ಇಷ್ಟು ವರ್ಷ ತಪ್ಪಾಗಿ ಪಾಠ ಮಾಡುತ್ತಿರಲಿಲ್ಲ.

ನೇತ್ರಾವತಿ:
2000ದ ಫಲಿತಾಂಶಕ್ಕೆ ಕೊಸರು ಕಾರಣ ಎನ್ನುವಾಗ ಫ್ಲೋರಿಡಾವನ್ನು ಮರೆಯಬಾರದು. ಸುಮಾರು 60 ಲಕ್ಷ ಮತಗಳಲ್ಲಿ 537ರ ಅಂತರ. ತೂತು ಹೊಡೆಯುವ ಮತಪತ್ರದಲ್ಲಿ ತೂತಿನ ಚೂರು ಪೂರ್ತಿ ಉದುರಿದೆಯೋ, ಒಂದು ಮೂಲೆಯಲ್ಲಿ ನೇತಾಡುತ್ತಿದೆಯೋ ಎಂದು ಅಧಿಕಾರಿಗಳು ಭೂತಗನ್ನಡಿ ಹಿಡಿದು ನೋಡುತ್ತಿದ್ದ ಚಿತ್ರಗಳು ಅಂದು ನಮ್ಮ ಪತ್ರಿಕೆಗಳಲ್ಲೂ ಬಂದಿದ್ದವು. ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಮರುಎಣಿಕೆಯನ್ನು ನಿಲ್ಲಿಸಿತು.

ಮಲೆನಾಡಿಗ:
ಅಮೆರಿಕವನ್ನು ನೋಡಿ ನಗುವ ಮೊದಲು ನಮ್ಮ ಮನೆಯನ್ನೂ ನೋಡಿಕೊಳ್ಳೋಣ. 2018ರ ಮೇ ತಿಂಗಳಿನಲ್ಲಿ ಕರ್ನಾಟಕದ 222 ಕ್ಷೇತ್ರಗಳ ಫಲಿತಾಂಶ ಬಂದಾಗ ಕಾಂಗ್ರೆಸ್‌ನ ಮತಪ್ರಮಾಣ ಶೇ 38, ಬಿಜೆಪಿಯದು ಶೇ 36. ಸ್ಥಾನಗಳು ಮಾತ್ರ ಬಿಜೆಪಿಗೆ 104, ಕಾಂಗ್ರೆಸ್‌ಗೆ 78. ಹೆಚ್ಚು ಮತ ಪಡೆದವರು ಹಿಂದೆ ಬಿದ್ದದ್ದಕ್ಕೆ ಅಂದು ನಾವು ಸಂವಿಧಾನವನ್ನು ದೂರಲಿಲ್ಲ. ಕ್ಷೇತ್ರವಾರು ಲೆಕ್ಕ ಎಂದರೆ ಹೀಗೆಯೇ ಎಂದುಕೊಂಡೆವು.

ಸಾಗರದವನು:
ಮಲೆನಾಡಿಗರೇ, ಅದು ಶಾಸಕರ ಆಯ್ಕೆ. ಇಲ್ಲಿ ಇಡೀ ದೇಶಕ್ಕೆ ಒಂದೇ ಹುದ್ದೆ. ಒಂದು ಹುದ್ದೆಗೆ ಇಬ್ಬರು ಸ್ಪರ್ಧಿಸಿದಾಗ ಹೆಚ್ಚು ಮತ ಪಡೆದವರು ಗೆಲ್ಲಬೇಕೆಂಬುದು ಪಂಚಾಯಿತಿ ಮಟ್ಟದಲ್ಲೂ ಎಲ್ಲರಿಗೂ ಅರ್ಥವಾಗುವ ನ್ಯಾಯ.

ಮಲೆನಾಡಿಗ:
ಹಾಗಾದರೆ ಇನ್ನೊಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಲೋಕಸಭೆಯ ಕ್ಷೇತ್ರ ಪುನರ್ವಿಂಗಡಣೆಯ ಚರ್ಚೆ ಇದೇ ವೇದಿಕೆಯಲ್ಲಿ ನಡೆದಾಗ ನೀವೇ ಏನು ಬರೆದಿದ್ದಿರಿ? ಜನಸಂಖ್ಯೆಯ ಆಧಾರದ ಮೇಲೆ ಮಾತ್ರ ಸ್ಥಾನ ಹಂಚಿದರೆ ಕರ್ನಾಟಕಕ್ಕೆ, ಕೇರಳಕ್ಕೆ, ತಮಿಳುನಾಡಿಗೆ ಅನ್ಯಾಯವಾಗುತ್ತದೆ, ಒಕ್ಕೂಟದಲ್ಲಿ ರಾಜ್ಯಗಳ ದನಿಗೂ ತೂಕ ಇರಬೇಕು ಎಂದು ಬರೆದಿದ್ದಿರಿ. ಅಲ್ಲಿ ರಾಜ್ಯದ ದನಿ ಬೇಕು, ಇಲ್ಲಿ ತಲೆ ಎಣಿಕೆ ಬೇಕು. ವಯೋಮಿಂಗ್‌ನವರು ಕೇಳುತ್ತಿರುವುದೂ ನೀವು ಕೇಳುತ್ತಿರುವುದನ್ನೇ ಅಲ್ಲವೇ? ಉತ್ತರ ಪ್ರದೇಶದ ಮತದಾರರೊಬ್ಬರು "ನನ್ನ ಮತದ ತೂಕ ಏಕೆ ಕಡಿಮೆ?" ಎಂದು ಕೇಳಿದರೆ ಅವರಿಗೆ ಏನು ಹೇಳುತ್ತೀರಿ?

ಹಳೆಯ ಸಂಪಿಗೆ:
ಈಗ ಚರ್ಚೆಗೆ ಉಪ್ಪು ಖಾರ ಬಿತ್ತು.

ಸಾಗರದವನು:
ಬರೆದಿದ್ದೆ, ಹೌದು. ಈಗಲೂ ಅದನ್ನೇ ಹೇಳುತ್ತೇನೆ, ಆದರೆ ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಎಂದೂ ನೋಡಿರಲಿಲ್ಲ. ಉತ್ತರ ಹೊಳೆದಾಗ ಬರೆಯುತ್ತೇನೆ.

ಕಾನೂನು ಓದುಗ:
ಮಲೆನಾಡಿಗರ ಹೋಲಿಕೆಯಲ್ಲಿ ಅರ್ಧ ಸತ್ಯವಿದೆ. ನಮ್ಮಲ್ಲಿ 1976ರ 42ನೇ ತಿದ್ದುಪಡಿಯಿಂದ ರಾಜ್ಯಗಳ ಲೋಕಸಭಾ ಸ್ಥಾನಗಳು 1971ರ ಜನಗಣತಿಗೆ ಕಟ್ಟುಬಿದ್ದವು, 84ನೇ ತಿದ್ದುಪಡಿಯು ಅದನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದುವರಿಸಿತು. ಕುಟುಂಬ ಯೋಜನೆಯಲ್ಲಿ ಯಶಸ್ವಿಯಾದ ರಾಜ್ಯಕ್ಕೆ ಸ್ಥಾನ ಕಡಿಮೆ ಮಾಡಿ ಶಿಕ್ಷಿಸಬಾರದು ಎಂಬುದು ಅದರ ಹಿಂದಿನ ಸಮರ್ಥನೆ. ಅದೊಂದು ಅವಧಿಯ ಏರ್ಪಾಡು. ಅಮೆರಿಕದ ಸೆನೆಟ್‌ನಲ್ಲಿ ಪ್ರತಿ ರಾಜ್ಯಕ್ಕೂ ಸಮಾನ ಸ್ಥಾನ ಎಂಬುದು ಹಾಗಲ್ಲ. ಆ ರಾಜ್ಯದ ಒಪ್ಪಿಗೆಯಿಲ್ಲದೆ ಅದರ ಸಮಾನತೆಯನ್ನು ತೆಗೆಯುವಂತಿಲ್ಲ ಎಂದು ಸಂವಿಧಾನದ ಐದನೆಯ ವಿಧಿಯೇ ಹೇಳುತ್ತದೆ. ನಮ್ಮ ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12, ಉತ್ತರ ಪ್ರದೇಶಕ್ಕೆ 31. ಇಬ್ಬರಿಗೂ ಸಮಾನ ಕೊಡಬೇಕೆಂದು ಸಂವಿಧಾನ ರಚನಾ ಸಭೆ ಒಪ್ಪಲಿಲ್ಲ.

ಹೋಲಿಸಲೇಬೇಕಿದ್ದರೆ ನಮ್ಮ ರಾಷ್ಟ್ರಪತಿ ಚುನಾವಣೆಯನ್ನು ನೋಡಿ. ಅದಕ್ಕೂ ಒಂದು ಮತದಾರ ಮಂಡಲವಿದೆ. ಕರ್ನಾಟಕದ ಶಾಸಕರೊಬ್ಬರ ಮತದ ಮೌಲ್ಯ 131, ಉತ್ತರ ಪ್ರದೇಶದವರದು 208, ಸಿಕ್ಕಿಂನವರದು 7. ಇಲ್ಲಿ ಮತದ ಮೌಲ್ಯ ಜನಸಂಖ್ಯೆಯ ಹಿಂದೆ ಹೋಗುತ್ತದೆ, ಅದೂ 1971ರ ಜನಸಂಖ್ಯೆ. ಸಣ್ಣ ರಾಜ್ಯಕ್ಕೆ ಕೊಸರಿಲ್ಲ, ಗೆದ್ದವರಿಗೇ ಎಲ್ಲ ಎಂಬ ನಿಯಮವೂ ಇಲ್ಲ. ಆದರೆ ನಮ್ಮ ರಾಷ್ಟ್ರಪತಿಯವರ ಕೈಯಲ್ಲಿ ಶ್ವೇತಭವನದ ಅಧಿಕಾರವಿಲ್ಲದ ಕಾರಣ ಈ ಲೆಕ್ಕದ ಬಗ್ಗೆ ಯಾರೂ ಜಗಳವಾಡುವುದಿಲ್ಲ.

ದಾವಣಗೆರೆ ಬೆಣ್ಣೆ:
ಈ ಎಲೆಕ್ಟರ್‌ಗಳು ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ಗೆ ಹೋಗಿ ಸೇರಿ ಮತ ಹಾಕುತ್ತಾರಲ್ಲವೇ? ಅಲ್ಲಿ ಮನಸ್ಸು ಬದಲಾಯಿಸಿದರೆ ಏನು ಗತಿ? ನಮ್ಮಲ್ಲಾಗಿದ್ದರೆ ರೆಸಾರ್ಟ್‌ಗಳಿಗೆ ಒಳ್ಳೆಯ ವ್ಯಾಪಾರವಾಗುತ್ತಿತ್ತು.

ಕಾನೂನು ಓದುಗ:
ವಾಷಿಂಗ್ಟನ್‌ಗೆ ಹೋಗುವುದಿಲ್ಲ. ಅವರವರ ರಾಜ್ಯದಲ್ಲೇ ಒಂದೇ ದಿನ ಸೇರಿ ಮತ ಹಾಕುತ್ತಾರೆ, ರೆಸಾರ್ಟ್ ಬಾಡಿಗೆ ಹಿಡಿಯುವವರಿಗೆ ಅದೇ ಮೊದಲ ತೊಂದರೆ. ಮನಸ್ಸು ಬದಲಾಯಿಸಿದವರು ಇದ್ದಾರೆ. 2016ರಲ್ಲಿ ಏಳು ಎಲೆಕ್ಟರ್‌ಗಳ ಅಂಥ ಮತಗಳು ದಾಖಲಾದವು. ಮಾತಿಗೆ ತಪ್ಪಿದ ಎಲೆಕ್ಟರ್‌ಗೆ ರಾಜ್ಯವು ದಂಡ ವಿಧಿಸಬಹುದು, ಬದಲಿಸಲೂಬಹುದು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿತು.

ವಾಷಿಂಗ್ಟನ್‌ನ ಸಂಸತ್ ಭವನದಲ್ಲಿ ನಡೆದ 2021ರ ಜನವರಿ 6ರ ಗಲಭೆಯ ಹಿಂದೆ ಇದ್ದದ್ದೂ ಈ ಪದ್ಧತಿಯ ಕೊನೆಯ ಮೆಟ್ಟಿಲು. ಎಲೆಕ್ಟರ್‌ಗಳ ಮತಗಳನ್ನು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಎಣಿಸುವಾಗ ಉಪಾಧ್ಯಕ್ಷರು ಕೆಲವನ್ನು ತಳ್ಳಿಹಾಕಬಹುದು ಎಂಬ ವಾದ ಹುಟ್ಟಿದ್ದು 1887ರ ಕಾನೂನಿನ ಗೊಂದಲದ ಭಾಷೆಯಿಂದ. 2022ರಲ್ಲಿ ಅದನ್ನು ತಿದ್ದಿ, ಉಪಾಧ್ಯಕ್ಷರ ಪಾತ್ರ ಲಕೋಟೆ ತೆರೆಯುವಷ್ಟಕ್ಕೇ ಸೀಮಿತವೆಂದೂ, ಆಕ್ಷೇಪ ಎತ್ತಲು ಎರಡೂ ಸದನಗಳ ಐದನೇ ಒಂದು ಭಾಗದ ಸದಸ್ಯರ ಸಹಿ ಬೇಕೆಂದೂ ಗೊತ್ತುಮಾಡಿದರು. ಹಿಂದೆ ಒಂದೊಂದು ಸದನದಿಂದ ಒಬ್ಬೊಬ್ಬರ ಸಹಿಯೇ ಸಾಕಿತ್ತು.

ಒಮಾಹಾದ ಜೋಳದ ರೊಟ್ಟಿ:
ನಾನು ವಿಜಯಪುರದವನು, ಈಗ ನೆಬ್ರಾಸ್ಕಾದ ಒಮಾಹಾದಲ್ಲಿದ್ದೇನೆ. ಗೆದ್ದವರಿಗೇ ಎಲ್ಲ ಎಂಬುದು ಸಂವಿಧಾನದಲ್ಲಿ ಬರೆದಿಲ್ಲ, ಅದು ಆಯಾ ರಾಜ್ಯ ಶಾಸನಸಭೆಯ ಇಷ್ಟ. ಎಲೆಕ್ಟರ್‌ಗಳನ್ನು ಹೇಗೆ ಆರಿಸಬೇಕೆಂದು ಶಾಸನಸಭೆಯೇ ನಿರ್ಧರಿಸಬಹುದು. ದಕ್ಷಿಣ ಕೆರೊಲಿನಾದಲ್ಲಂತೂ 1860ರವರೆಗೆ ಜನರನ್ನು ಕೇಳುವ ಗೋಜೇ ಇರಲಿಲ್ಲ, ಶಾಸಕರೇ ಆರಿಸುತ್ತಿದ್ದರು. ಮೇಯ್ನ್ ರಾಜ್ಯ 1972ರಿಂದ, ನಮ್ಮ ನೆಬ್ರಾಸ್ಕಾ 1992ರಿಂದ ಎರಡು ಎಲೆಕ್ಟರ್‌ಗಳನ್ನು ರಾಜ್ಯದ ವಿಜೇತರಿಗೂ ಉಳಿದವರನ್ನು ಕ್ಷೇತ್ರವಾರು ವಿಜೇತರಿಗೂ ಕೊಡುತ್ತವೆ.

ನಾನಿರುವ ಎರಡನೇ ಕ್ಷೇತ್ರ 2008, 2020 ಮತ್ತು 2024ರಲ್ಲಿ ಡೆಮಾಕ್ರಾಟ್ ಪಕ್ಷಕ್ಕೆ ಹೋಯಿತು, ರಾಜ್ಯದ ಉಳಿದ ಭಾಗ ರಿಪಬ್ಲಿಕನ್ ಪಕ್ಷಕ್ಕೆ. 2024ರಲ್ಲಿ ನಮ್ಮ ಬೀದಿಯ ಹುಲ್ಲುಹಾಸುಗಳ ಮೇಲೆ ಬಿಳಿಯ ಫಲಕದಲ್ಲಿ ಬರೀ ಒಂದು ನೀಲಿ ಚುಕ್ಕೆ, ಅಕ್ಷರವೇ ಇಲ್ಲ. ಮೊದಲ ಸಲ ನೋಡಿದಾಗ ಯಾವುದೋ ಬಣ್ಣದ ಅಂಗಡಿಯ ಜಾಹೀರಾತು ಎಂದುಕೊಂಡಿದ್ದೆ. ಕೆಂಪು (ರಿಪಬ್ಲಿಕನ್) ರಾಜ್ಯದ ನಡುವಿನ ನೀಲಿ (ಡೆಮಾಕ್ರಾಟ್) ಚುಕ್ಕೆ ನಾವು ಎಂದು ಪಕ್ಕದ ಮನೆಯ ಅಜ್ಜಿ ವಿವರಿಸಿದರು. ಆ ವರ್ಷ ಚುನಾವಣೆಗೆ ಮೊದಲೇ ಈ ಪದ್ಧತಿಯನ್ನು ತೆಗೆದುಹಾಕಲು ಯತ್ನ ನಡೆದು, ಬೇಕಾದಷ್ಟು ಬೆಂಬಲ ಸಿಗದೆ ನಿಂತಿತು. ಒಂದು ಎಲೆಕ್ಟರ್‌ಗಾಗಿ ಅಷ್ಟು ಗದ್ದಲ!

ಸಾಗರದವನು:
ಇದೇ ಸರಿಯಾದ ದಾರಿಯಲ್ಲವೇ? ಎಲ್ಲ ರಾಜ್ಯಗಳೂ ನೆಬ್ರಾಸ್ಕಾದಂತೆ ಮಾಡಿದರೆ ನನ್ನ ಬಾಗಿಲಿಗೂ ಯಾರಾದರೂ ಬರುತ್ತಾರೆ.

ಪಿಟ್ಸ್‌ಬರ್ಗ್ ನಿವಾಸಿ:
ಬಾಣಲೆಯಿಂದ ಬೆಂಕಿಗೆ ಬಿದ್ದಂತಾಗುತ್ತದೆ. ಕ್ಷೇತ್ರಗಳ ಗಡಿಯನ್ನು ಎಳೆಯುವುದು ಹೆಚ್ಚಿನ ರಾಜ್ಯಗಳಲ್ಲಿ ಅಧಿಕಾರದಲ್ಲಿರುವ ಪಕ್ಷದ ಶಾಸಕರೇ. ಭಾರತದಲ್ಲಿರುವಂಥ ಸ್ವತಂತ್ರ ಪುನರ್ವಿಂಗಡಣಾ ಆಯೋಗ ಇಲ್ಲಿ ಎಲ್ಲೆಡೆ ಇಲ್ಲ. 2012ರಲ್ಲಿ ಒಬಾಮ ಸುಮಾರು 50 ಲಕ್ಷ ಮತಗಳ ಅಂತರದಿಂದ ಮುಂದಿದ್ದರು. ಎಲ್ಲ ರಾಜ್ಯಗಳೂ ನೆಬ್ರಾಸ್ಕಾ ಪದ್ಧತಿಯಲ್ಲಿ ಹಂಚಿದ್ದರೆ ಅಧ್ಯಕ್ಷರಾಗುತ್ತಿದ್ದವರು ಮಿಟ್ ರಾಮ್ನಿ. ಈಗಿನ ಪದ್ಧತಿಯ ಒಂದೇ ಪುಣ್ಯವೆಂದರೆ ರಾಜ್ಯದ ಗಡಿಯನ್ನು ಯಾರೂ ತಮಗೆ ಬೇಕಾದಂತೆ ಎಳೆಯಲಾರರು.

ನೇತ್ರಾವತಿ:
ಇದು ಹುಟ್ಟಿದ್ದಾದರೂ ಏಕೆ ಎಂಬುದನ್ನು ಯಾರೂ ಹೇಳಲಿಲ್ಲ. ಸಣ್ಣ ರಾಜ್ಯಗಳ ರಕ್ಷಣೆಗೆ ಎಂದು ಶಾಲೆಗಳಲ್ಲಿ ಹೇಳಿಕೊಡುತ್ತಾರೆ, ಅದು ಅರ್ಧ ಕಥೆ. ಅಮೆರಿಕದ ಸಂವಿಧಾನವನ್ನು ರಚಿಸಿದ 1787ರ ಫಿಲಡೆಲ್ಫಿಯಾ ಸಭೆಯಲ್ಲಿ ಜನರೇ ನೇರವಾಗಿ ಆರಿಸಲಿ ಎಂಬ ಸಲಹೆ ಬಂದಾಗ, ಹಾಗೆ ಮಾಡಿದರೆ ದಕ್ಷಿಣದ ರಾಜ್ಯಗಳಿಗೆ ತಮ್ಮ ಗುಲಾಮರ ಲೆಕ್ಕದಲ್ಲಿ ಯಾವ ಪ್ರಭಾವವೂ ಸಿಗದು ಎಂದು ಮ್ಯಾಡಿಸನ್ ಸಭೆಯ ಗಮನಕ್ಕೆ ತಂದರು. ಗುಲಾಮರಿಗೆ ಮತವಿರಲಿಲ್ಲ, ಆದರೆ ಪ್ರತಿನಿಧಿಗಳ ಸಂಖ್ಯೆಯನ್ನು ನಿರ್ಧರಿಸುವಾಗ ಐವರು ಗುಲಾಮರನ್ನು ಮೂವರಂತೆ ಎಣಿಸುತ್ತಿದ್ದರು. ಎಲೆಕ್ಟರ್‌ಗಳ ಸಂಖ್ಯೆ ಪ್ರತಿನಿಧಿಗಳ ಸಂಖ್ಯೆಗೆ ಅಂಟಿಕೊಂಡ ಕೂಡಲೇ ಆ ಐದನೇ ಮೂರು ಭಾಗವೂ ಅಧ್ಯಕ್ಷರ ಆಯ್ಕೆಯ ಒಳಗೆ ಬಂದು ಕುಳಿತಿತು. ಮೊದಲ 36 ವರ್ಷಗಳಲ್ಲಿ 32 ವರ್ಷ ವರ್ಜೀನಿಯಾದವರೇ ಅಧ್ಯಕ್ಷರಾಗಿದ್ದರು ಎಂಬುದನ್ನೂ ನೆನಪಿನಲ್ಲಿಡಿ.

ಆದ್ದರಿಂದ ಮಲೆನಾಡಿಗರ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಮಕ್ಕಳ ಸಂಖ್ಯೆ ಕಡಿಮೆ ಮಾಡಿಕೊಂಡ ರಾಜ್ಯಕ್ಕೆ ಕೊಟ್ಟ ರಕ್ಷಣೆಯೂ ಮನುಷ್ಯರನ್ನು ಆಸ್ತಿಯಾಗಿ ಇಟ್ಟುಕೊಂಡವರಿಗೆ ಕೊಟ್ಟ ಹೆಚ್ಚುವರಿ ಬಲವೂ ಒಂದೇ ತಕ್ಕಡಿಯಲ್ಲಿ ತೂಗುವಂಥವಲ್ಲ.

ಮಲೆನಾಡಿಗ:
ಹುಟ್ಟು ಕೆಟ್ಟದ್ದೆಂದು ಒಪ್ಪುತ್ತೇನೆ. ಆದರೆ ನಾನು ಕೇಳಿದ್ದು ಇಂದಿನ ಮತದಾರರೊಬ್ಬರ ಪ್ರಶ್ನೆ. ಉತ್ತರ ಪ್ರದೇಶದ ಇಪ್ಪತ್ತು ವರ್ಷದ ಹುಡುಗಿ 1976ರಲ್ಲಿ ಹುಟ್ಟಿಯೇ ಇರಲಿಲ್ಲ, ಅವಳ ಊರಿನವರು ಕುಟುಂಬ ಯೋಜನೆಯನ್ನು ಪಾಲಿಸಲಿಲ್ಲ ಎಂದು ಅವಳ ಮತದ ತೂಕ ಇಳಿಸಬಹುದೇ? ಫ್ರೀಮಾಂಟ್‌ನ ಸಾಗರದವರಿಗೆ ಆಗುತ್ತಿರುವ ನೋವೂ ಅದೇ ಜಾತಿಯದ್ದು.

ಹಳೆಯ ಸಂಪಿಗೆ:
ನನ್ನ ಮಗನೂ ಅಮೆರಿಕದ ಪ್ರಜೆಯೇ, ಮತ ಹಾಕಲು ರಜೆ ಸಿಗಲಿಲ್ಲ. ನವೆಂಬರ್‌ನ ಮೊದಲ ಸೋಮವಾರದ ಮಾರನೆಯ ಮಂಗಳವಾರ ಎಂದು 1845ರಲ್ಲಿ ಗೊತ್ತುಮಾಡಿದ್ದಾರಂತೆ. ಭಾನುವಾರ ಚರ್ಚ್ ಮುಗಿಸಿ, ಸೋಮವಾರ ಕುದುರೆಗಾಡಿ ಹತ್ತಿ ಪಟ್ಟಣ ಸೇರುವ ರೈತರಿಗೆ ಅನುಕೂಲವಾಗಲಿ ಎಂದು. ಕುದುರೆ ಹೋಗಿ ಟೆಸ್ಲಾ ಬಂದರೂ ಮಂಗಳವಾರ ಹೋಗಲಿಲ್ಲ.

ಪಿಟ್ಸ್‌ಬರ್ಗ್ ನಿವಾಸಿ:
ಅಂಚೆಯಲ್ಲಿ ಹಾಕಬಹುದಲ್ಲ, ಆದರೆ ಅದರಲ್ಲೂ ಪರೀಕ್ಷೆಯಿದೆ. ನಾನು ಇಲ್ಲಿ ಎರಡು ಬಾರಿ ಚುನಾವಣಾ ಕೆಲಸಕ್ಕೆ ಹೋಗಿದ್ದೆ. ಪೆನ್ಸಿಲ್ವೇನಿಯಾದಲ್ಲಿ ಮತಪತ್ರವನ್ನು ಮೊದಲು ಒಂದು ಗೋಪ್ಯ ಲಕೋಟೆಯೊಳಗೆ ಹಾಕಿ, ಅದನ್ನು ಇನ್ನೊಂದು ಲಕೋಟೆಯೊಳಗೆ ಹಾಕಿ, ಹೊರಗಿನದರ ಮೇಲೆ ಸಹಿ ಮಾಡಬೇಕು. ಒಳಗಿನ ಲಕೋಟೆಯನ್ನು ಮರೆತರೆ ಮತ ತಿರಸ್ಕೃತ. ಚುನಾವಣೆಯ ದಿನ ಬೆಳಿಗ್ಗೆ ಏಳಕ್ಕೆ ಮೊದಲು ಒಂದು ಲಕೋಟೆಯನ್ನೂ ಬಿಡಿಸುವಂತಿಲ್ಲ. ಅದಕ್ಕಾಗಿಯೇ 2020ರಲ್ಲಿ ನಮ್ಮ ಎಣಿಕೆ ದಿನಗಟ್ಟಲೆ ಎಳೆಯಿತು, ಆ ತಡವನ್ನೇ ತೋರಿಸಿ ಮೋಸವೆಂದು ಕೂಗಿದರು. ಇಡೀ ದೇಶಕ್ಕೆ ಒಂದೇ ಚುನಾವಣಾ ಆಯೋಗ, ಒಂದೇ ಯಂತ್ರ, ಒಂದೇ ಮೈಸೂರು ಶಾಯಿ ಎಂದು ಬೆಳೆದ ನಮಗೆ ಇದು ಅರಗುವುದು ಕಷ್ಟ. ಇಲ್ಲಿ ಒಂದೊಂದು ರಾಜ್ಯಕ್ಕೂ ಒಂದೊಂದು ನಿಯಮ, ಅದನ್ನು ನಡೆಸುವುದು ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ.

ದಾವಣಗೆರೆ ಬೆಣ್ಣೆ:
ಇಷ್ಟೆಲ್ಲ ತೊಂದರೆಯಿದ್ದರೆ ತಿದ್ದುಪಡಿ ಮಾಡಿ ತೆಗೆದುಹಾಕುವುದಕ್ಕೆ ಏನು ಅಡ್ಡಿ? ನಾವು ನೂರಕ್ಕೂ ಹೆಚ್ಚು ಬಾರಿ ಮಾಡಿದ್ದೇವೆ.

ಕಾನೂನು ಓದುಗ:
ಅವರು 27 ಬಾರಿ ಮಾತ್ರ ಮಾಡಿದ್ದಾರೆ. ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತ, ಆಮೇಲೆ 50 ರಾಜ್ಯಗಳಲ್ಲಿ 38ರ ಒಪ್ಪಿಗೆ ಬೇಕು. ಒಮ್ಮೆ ಹತ್ತಿರ ಬಂದಿದ್ದರು. 1968ರಲ್ಲಿ ಮೂರನೇ ಅಭ್ಯರ್ಥಿ ಜಾರ್ಜ್ ವಾಲೇಸ್ ಐದು ರಾಜ್ಯ ಗೆದ್ದು, ಯಾರಿಗೂ ಬಹುಮತ ಸಿಗದಂತೆ ಮಾಡಿ ಚೌಕಾಸಿ ನಡೆಸುವ ಭಯ ಹುಟ್ಟಿಸಿದ್ದರು. ಮಾರನೆಯ ವರ್ಷ ನೇರ ಆಯ್ಕೆಯ ತಿದ್ದುಪಡಿಯನ್ನು ಪ್ರತಿನಿಧಿಗಳ ಸಭೆ ಭಾರೀ ಬಹುಮತದಿಂದ ಅಂಗೀಕರಿಸಿತು, ಅಧ್ಯಕ್ಷ ನಿಕ್ಸನ್ ಕೂಡ ಬೆಂಬಲಿಸಿದರು. 1970ರಲ್ಲಿ ಸೆನೆಟ್‌ನಲ್ಲಿ ದಕ್ಷಿಣದ ಮತ್ತು ಸಣ್ಣ ರಾಜ್ಯಗಳ ಸದಸ್ಯರು ಚರ್ಚೆಯನ್ನು ಮುಗಿಯಗೊಡದೆ ಅದನ್ನು ಕೊಂದರು.

ಈಗಿನ ಯತ್ನ ಅಡ್ಡದಾರಿಯದು. ದೇಶದಲ್ಲಿ ಹೆಚ್ಚು ಮತ ಪಡೆದವರಿಗೇ ನಮ್ಮ ಎಲೆಕ್ಟರ್‌ಗಳನ್ನು ಕೊಡುತ್ತೇವೆ ಎಂದು ರಾಜ್ಯಗಳು ತಮ್ಮೊಳಗೆ ಒಪ್ಪಂದ ಮಾಡಿಕೊಳ್ಳುತ್ತಿವೆ. 2007ರಲ್ಲಿ ಮೇರಿಲ್ಯಾಂಡ್ ಮೊದಲು ಸೇರಿತು. 2024ರಲ್ಲಿ ಮೇಯ್ನ್ ಸೇರಿದಾಗ ಒಟ್ಟು 209 ಆಯಿತು. 270 ಮುಟ್ಟಿದ ದಿನ ಅದು ಜಾರಿಗೆ ಬರಬೇಕು, ಅದೇ ದಿನ ಸುಪ್ರೀಂ ಕೋರ್ಟ್ ಮೆಟ್ಟಿಲನ್ನೂ ಏರುತ್ತದೆ.

ಲೆಕ್ಕದ ಮೇಷ್ಟ್ರು:
ಇದು ಒಂದೇ ಪಕ್ಷಕ್ಕೆ ಲಾಭ ಎಂದು ತಿಳಿದು ಜಗಳವಾಡುವವರಿಗೆ ಇನ್ನೊಂದು ಸಂಖ್ಯೆ ಕೊಡುತ್ತೇನೆ. 2004ರಲ್ಲಿ ಬುಷ್ ದೇಶದಲ್ಲಿ ಸುಮಾರು 30 ಲಕ್ಷ ಮತ ಮುಂದಿದ್ದರು. ಓಹಾಯೋದಲ್ಲಿ ಅವರ ಅಂತರ ಸುಮಾರು 1.18 ಲಕ್ಷ. ಅಲ್ಲಿ 60 ಸಾವಿರ ಜನ ಮನಸ್ಸು ಬದಲಾಯಿಸಿದ್ದರೆ ಜಾನ್ ಕೆರಿ ಅಧ್ಯಕ್ಷರಾಗುತ್ತಿದ್ದರು, ಆಗ ಇಂದು ಈ ಪದ್ಧತಿಯನ್ನು ಹೊಗಳುವವರೂ ತೆಗಳುವವರೂ ಜಾಗ ಬದಲಿಸಿಕೊಂಡು ಕುಳಿತಿರುತ್ತಿದ್ದರು. 2024ರಲ್ಲಿ ಟ್ರಂಪ್ ದೇಶದ ಒಟ್ಟು ಮತಗಳಲ್ಲೂ ಮುಂದಿದ್ದರು, 312 ಎಲೆಕ್ಟರ್‌ಗಳನ್ನೂ ಪಡೆದರು. ಆ ವರ್ಷ ಈ ಗಲಾಟೆ ಕೇಳಿಸಲೇ ಇಲ್ಲ.

ಸಾಗರದವನು:
ಮಲೆನಾಡಿಗರ ಪ್ರಶ್ನೆಗೆ ನನ್ನ ಉತ್ತರ ಬರೆಯುತ್ತೇನೆ, ಪೂರ್ಣ ಉತ್ತರವಲ್ಲ. ಕಾನೂನು ಮಾಡುವ ಸಭೆಯಲ್ಲಿ ರಾಜ್ಯಗಳಿಗೆ ತೂಕವಿರುವುದನ್ನು ನಾನು ಒಪ್ಪುತ್ತೇನೆ, ಅಲ್ಲಿ ಎಲ್ಲರ ದನಿಯೂ ಕೊನೆಯವರೆಗೆ ಉಳಿಯುತ್ತದೆ. ಕರ್ನಾಟಕದಿಂದ ಲೋಕಸಭೆಗೆ 28 ಜನ ಹೋದರೆ 28 ಜನರೂ ಮಾತನಾಡುತ್ತಾರೆ. ಒಂದೇ ಹುದ್ದೆಯ ಚುನಾವಣೆಯಲ್ಲಿ ಸೋತ ಪಾಲು ಪೂರ್ತಿ ಅಳಿಸಿಹೋಗುತ್ತದೆ. ಹಾಗಾಗಿ ಸೆನೆಟ್ ಇರಲಿ, ಅಧ್ಯಕ್ಷರನ್ನು ಮಾತ್ರ ತಲೆ ಎಣಿಸಿ ಆರಿಸಿ ಎನ್ನುತ್ತೇನೆ. ಉತ್ತರ ಪ್ರದೇಶದ ಆ ಹುಡುಗಿಯ ಮುಂದೆ ಮಾತ್ರ ನನಗೆ ಈಗಲೂ ನಾಲಿಗೆ ತಡವರಿಸುತ್ತದೆ.

ನಿನ್ನೆ ರಾತ್ರಿ ಇದನ್ನೆಲ್ಲ ಅಪ್ಪನಿಗೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, "538 ಸಮಸಂಖ್ಯೆಯಲ್ಲವೇನೋ, ಇಬ್ಬರಿಗೂ 269 ಬಂದರೆ ಚೀಟಿ ಎತ್ತುತ್ತಾರೋ?" ಎಂದರು. ನಮ್ಮಲ್ಲಿ ಸಮ ಬಂದರೆ ಲಾಟರಿ ಎತ್ತಿದ್ದನ್ನು ನೋಡಿದವರು ಅವರು. ಗೊತ್ತಿರುವವರು ದಯವಿಟ್ಟು ತಿಳಿಸಿ.

ಕಾನೂನು ಓದುಗ:
ಚೀಟಿ ಎತ್ತುವುದಿಲ್ಲ. ಪ್ರತಿನಿಧಿಗಳ ಸಭೆ ಅಧ್ಯಕ್ಷರನ್ನು ಆರಿಸುತ್ತದೆ, ಆದರೆ ಸದಸ್ಯರಿಗೆ ಒಂದೊಂದು ಮತವಲ್ಲ, ರಾಜ್ಯಕ್ಕೆ ಒಂದು ಮತ. ನಿಮ್ಮ ಕ್ಯಾಲಿಫೋರ್ನಿಯಾದ 52 ಸದಸ್ಯರು ಕೂತು, ಚರ್ಚಿಸಿ, ಎಲ್ಲರೂ ಸೇರಿ ಒಂದು ಮತ ಹಾಕಬೇಕು. ವಯೋಮಿಂಗ್‌ನ ಒಬ್ಬರೇ ಸದಸ್ಯರದೂ ಒಂದು ಮತ. 26 ಬಂದವರು ಗೆದ್ದಂತೆ. 1825ರ ಫೆಬ್ರವರಿಯಲ್ಲಿ ಜಾನ್ ಕ್ವಿನ್ಸಿ ಆಡಮ್ಸ್ ಹೀಗೆಯೇ ಅಧ್ಯಕ್ಷರಾದರು, ಹೆಚ್ಚು ಮತ ಪಡೆದಿದ್ದ ಆಂಡ್ರ್ಯೂ ಜಾಕ್ಸನ್ ಮನೆಗೆ ಹೋದರು.

ಸಾಗರದವನು:
ಇದನ್ನು ನಾನು ಅಪ್ಪನಿಗೆ ಹೇಳುವುದಿಲ್ಲ. ತಂಗಿ ಹೇಳಲಿ, ಅವಳ ಮತಕ್ಕಾದರೂ ಅವರು ಬೆಲೆ ಕೊಡುತ್ತಾರೆ.